ಲ್ಯಾಪ್‌ಟಾಪ್ ಮದರ್‌ಬೋರ್ಡ್ ಬದಲಿಸುತ್ತೀರಾ? ರಿಬ್ಬನ್ ಜೋಪಾನ

ಮೊದಲು ಹಳೆ ಬೋರ್ಡ್ ನಿಜಕ್ಕೂ ಹೋಗಿದೆಯೇ ನೋಡಿ. ಬೇರೆ ಚಾರ್ಜರ್ ಹಾಕಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಕೂರಿಸಿ ಆನ್ ಮಾಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿದಾಗ ಚಿತ್ರ ಬಂತೆಂದರೆ ಬೋರ್ಡನ್ನು ಬಿಟ್ಟು ಮೊದಲು ಪರದೆ, ಅದರ ಕೇಬಲ್ ನೋಡಿ.

ಲ್ಯಾಪ್‌ಟಾಪಿನ ಹೆಸರಷ್ಟೇ ಹೇಳಿ ಬೋರ್ಡ್ ಕೊಳ್ಳಬೇಡಿ. ಪ್ರೊಸೆಸರ್ ಬೋರ್ಡಿಗೇ ಬೆಸೆದುಕೊಂಡಿರುವುದರಿಂದ ಒಂದೇ ಮಾದರಿಗೆ ಐ5ರದ್ದು, ಐ7ರದ್ದು, ಗ್ರಾಫಿಕ್ಸ್ ಚಿಪ್ ಇರುವುದು, ಇಲ್ಲದ್ದು ಎಂದು ಹಲವು ಬೋರ್ಡ್‌ಗಳಿರುತ್ತವೆ. ಹಳೆಯದರ ಸ್ಟಿಕ್ಕರ್ ಮೇಲಿನ ಸಂಖ್ಯೆ ಹೊಂದಿಸಿ: ಲೆನೊವೊದಲ್ಲಿ ಎಫ್‌ಆರ್‌ಯು, ಡೆಲ್‌ನಲ್ಲಿ ಡಿಪಿ/ಎನ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಂಡರೆ ಅಲ್ಲೇ ಆನ್ ಮಾಡಿಸಿ, ಬಯಾಸ್ (ಬೋರ್ಡಿನದೇ ಸೆಟ್ಟಿಂಗ್ಸ್ ಪರದೆ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ವಾಪಸ್ ಕೊಟ್ಟು ಬನ್ನಿ. ‘ಸಿಮಾಸ್ ಸೆಲ್ ತೆಗೆದಿಟ್ಟರೆ ಹೋಗುತ್ತೆ ಸಾರ್’ ಎಂದು ಬೋರ್ಡಿನ ಸಣ್ಣ ಬ್ಯಾಟರಿ ತೋರಿಸಿ ಹೇಳುವ ಮಾತು ಆಫೀಸ್ ಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ನಡೆಯುವುದಿಲ್ಲ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಸತ್ತಿದ್ದರೆ ಫೋನಿನಲ್ಲೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಹುಡುಕಿ. ಬೋರ್ಡ್ ಬದಲಾದರೆ ವಿಂಡೋಸ್ ಅದನ್ನು ಕೇಳಿಯೇ ಕೇಳುತ್ತದೆ. ಇಲ್ಲದಿದ್ದರೆ ಎಸ್‌ಎಸ್‌ಡಿಯಲ್ಲಿರುವುದಕ್ಕೆಲ್ಲ ಬೀಗ.

ಚಾರ್ಜರ್ ಕಿತ್ತು ತಳ ಬಿಚ್ಚಿ. ಬ್ಯಾಟರಿ ಕನೆಕ್ಟರ್ ತೆಗೆದು ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯಿರಿ. ಫೋಟೊ ತೆಗೆಯಿರಿ. ರಟ್ಟಿನ ಮೇಲೆ ತಳದ ಚಿತ್ರ ಬರೆದು ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ: 3 ಮಿ.ಮೀ. ಸ್ಕ್ರೂ ಜಾಗಕ್ಕೆ 5 ಮಿ.ಮೀ.ನದ್ದು ಹಾಕಿ ತಿರುಗಿಸಿದರೆ ಹೊಸ ಬೋರ್ಡಿಗೇ ತೂತು ಬೀಳಬಹುದು.

ಇನ್ನು ರಿಬ್ಬನ್, ಅಂದರೆ ಪಟ್ಟಿಯಂಥ ಚಪ್ಪಟೆ ಕೇಬಲ್. ಅವಸರ ಪಟ್ಟವರು ಕೆಡಿಸುವುದೇ ಇಲ್ಲಿ. ಟಚ್‌ಪ್ಯಾಡ್, ಕೀಬೋರ್ಡ್ ರಿಬ್ಬನ್‌ಗಳ ಕನೆಕ್ಟರ್ ಮೇಲೆ ಸಣ್ಣ ಮುಚ್ಚಳವಿರುತ್ತದೆ. ಕೆಲವು ರಿಬ್ಬನ್ ಒಳಹೋಗುವ ಕಡೆಯಿಂದ ಏಳುತ್ತವೆ, ಕೆಲವು ಹಿಂದಿನಿಂದ. ಇನ್ನು ಕೆಲವು ಏಳುವುದೇ ಇಲ್ಲ. ಎರಡು ಕಿವಿ ಹಿಡಿದು ಒಂದು ಮಿ.ಮೀ. ಮುಂದಕ್ಕೆ ಎಳೆಯಬೇಕು. ಟಾರ್ಚ್ ಬಿಟ್ಟು ನೋಡಿ, ಉಗುರಿನಲ್ಲೋ ಪ್ಲಾಸ್ಟಿಕ್ ಕಡ್ಡಿಯಲ್ಲೋ ಎತ್ತಿ. ಚಿಮ್ಮಟ ಬೇಡ, ಮುಚ್ಚಳ ಮುರಿದರೆ ರಿಬ್ಬನ್ ನಿಲ್ಲುವುದಿಲ್ಲ. ವಾಪಸ್ ಕೂರಿಸುವಾಗ ರಿಬ್ಬನ್ ಮೇಲಿನ ಅಡ್ಡಗೆರೆ ಕನೆಕ್ಟರ್ ಅಂಚಿಗೆ ಸಮವಾಗಿರಲಿ.

ಪರದೆಯ ಕೇಬಲ್‌ಗೆ ಸಾಮಾನ್ಯವಾಗಿ ತಂತಿಯ ಕೊಂಡಿ ಇರುತ್ತದೆ. ಅದನ್ನು ಹಿಂದಕ್ಕೆ ಮಗುಚಿ, ಕೇಬಲನ್ನು ಬೋರ್ಡಿಗೆ ಸಮಾನಾಂತರವಾಗಿ ಜಾರಿಸಿ. ಮೇಲಕ್ಕೆ ಎಳೆದರೆ ಕನೆಕ್ಟರ್ರೇ ಕಿತ್ತು ಬರುತ್ತದೆ. ಬ್ಯಾಕ್‌ಲೈಟಿನ ಹೆಚ್ಚಿನ ವೋಲ್ಟೇಜೂ ಇದರಲ್ಲೇ, ಸಿಗ್ನಲ್ ಪಿನ್‌ಗಳ ಮಗ್ಗುಲಲ್ಲೇ ಹೋಗುತ್ತದೆ. ಓರೆಯಾಗಿ ಕೂರಿಸಿ ಕರೆಂಟ್ ಕೊಟ್ಟರೆ ಬೋರ್ಡಿನಲ್ಲಿರುವ ಬ್ಯಾಕ್‌ಲೈಟ್ ಫ್ಯೂಸ್ ಹಾರಬಹುದು. ಆಮೇಲೆ ಟಾರ್ಚ್ ಹಿಡಿದರಷ್ಟೇ ಮಸುಕಾಗಿ ಚಿತ್ರ ಕಂಡೀತು. ಹಾಗಾಗಿ ಬ್ಯಾಟರಿ ಯಾವಾಗಲೂ ಕೊನೆಗೆ.

ಚಿಪ್‌ನ ಶಾಖ ಹೊರಹಾಕುವ ಹೀಟ್‌ಸಿಂಕಿನ ಸ್ಕ್ರೂಗಳಿಗೆ ನಂಬರ್ ಕೊಟ್ಟಿರುತ್ತಾರೆ. ಬಿಚ್ಚುವಾಗ 4ರಿಂದ 1ಕ್ಕೆ, ಬಿಗಿಸುವಾಗ 1ರಿಂದ 4ಕ್ಕೆ, ಸ್ವಲ್ಪ ಸ್ವಲ್ಪವೇ. ಚಿಪ್ ಮತ್ತು ಹೀಟ್‌ಸಿಂಕ್ ನಡುವಿನ ಹಳೆ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ ಪೂರ್ತಿ ತೆಳ್ಳಗೆ ಹರಡಿ. ಟೂತ್‌ಪೇಸ್ಟ್ ಸಲಹೆ ಕೊಡುವವರನ್ನು ದೂರವಿಡಿ. ಹೆಸರಿಲ್ಲದ ಬಿಳಿ ಪೇಸ್ಟೂ ಬೇಡ. ಥರ್ಮಲ್ ಪ್ಯಾಡ್ ಹರಿದರೆ ಅದೇ ದಪ್ಪದ್ದು ಹಾಕಿ; ಆ ಸಂದನ್ನು ಪೇಸ್ಟ್ ತುಂಬಲಾರದು.

ತಳ ಮುಚ್ಚುವ ಮುಂಚೆ ಫ್ಯಾನ್ ವೈರ್ ಸಿಕ್ಕಿಸಿದ್ದೀರಾ ನೋಡಿ, ಒಂದೇ ರ‍್ಯಾಮ್ ಹಾಕಿ ಆನ್ ಮಾಡಿ. ಮೊದಲ ಸಲ ಒಂದೆರಡು ನಿಮಿಷ ಪರದೆ ಕಪ್ಪಗೇ ಇರಬಹುದು, ಬೋರ್ಡ್ ರ‍್ಯಾಮ್ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಬಟನ್ ಒತ್ತಬೇಡಿ. ಡೆಲ್‌ನ ಹೊಸ ಬೋರ್ಡ್ ಸರ್ವಿಸ್ ಟ್ಯಾಗ್ (ಆ ಲ್ಯಾಪ್‌ಟಾಪಿನ ಗುರುತಿನ ಸಂಕೇತ) ಕೇಳಿದರೆ ಎರಡು ಸಲ ಓದಿ ಹಾಕಿ. ತಪ್ಪಾದರೆ ತಿದ್ದುವುದು ಕಷ್ಟ.

ಎಲ್ಲ ಮುಚ್ಚಿದ ಮೇಲೆ ರಟ್ಟಿನಲ್ಲಿ ಒಂದು ಸ್ಕ್ರೂ ಉಳಿದಿದ್ದರೆ ಮತ್ತೆ ಬಿಚ್ಚಿ. ರಟ್ಟಿನಲ್ಲೂ ಇಲ್ಲ, ಜಾಗದಲ್ಲೂ ಇಲ್ಲ ಎಂದಾದರೆ ಮತ್ತೆ ಆನ್ ಮಾಡುವ ಮುನ್ನವೇ ಬಿಚ್ಚಿ: ಅದು ಒಳಗೆಲ್ಲೋ ಬೋರ್ಡ್ ಮೇಲೆ ಬಿದ್ದಿರಬಹುದು.