ವಿಕ್ಟೋರಿಯಾ ಆಸ್ಪತ್ರೆಯ ಕಥೆ ಹೇಳಲು ಹೋಗಿ ನಾನು ಕಲಿತದ್ದು

ಭಾನುವಾರ ಬೆಳಿಗ್ಗೆ ಹತ್ತು-ಹನ್ನೆರಡು ಜನರನ್ನು ಕರೆದುಕೊಂಡು ಬೆಂಗಳೂರು ಕೋಟೆ, ಕೆ.ಆರ್. ಮಾರ್ಕೆಟ್ ಸುತ್ತಲಿನ ಹಳೆಯ ಕಟ್ಟಡಗಳನ್ನು ತೋರಿಸುತ್ತೇನೆ. ಮೊದಲ ಸಲ ವಿಕ್ಟೋರಿಯಾ ಆಸ್ಪತ್ರೆ ಮುಂದೆ ನಿಂತಾಗ, "ಊರಿಗೆ ಪ್ಲೇಗ್ ಬಂದಿತ್ತಲ್ಲ, ಅದಕ್ಕೇ ಇದನ್ನು ಕಟ್ಟಿಸಿದರು" ಎಂದುಬಿಟ್ಟೆ. ಎಲ್ಲೋ ಕೇಳಿದ್ದ ಮಾತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಅಡಿಗಲ್ಲು ಇಟ್ಟಿದ್ದು ಯಾವಾಗಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಇಸವಿಗಳನ್ನು ಒಂದರ ಕೆಳಗೊಂದು ಬರೆದೆ. ಅಡಿಗಲ್ಲು, 1897ರ ಜೂನ್ 22. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ನೆನಪಿಗೆ. ಇಟ್ಟವರು ಮಹಾರಾಣಿ ಕೆಂಪನಂಜಮ್ಮಣ್ಣಿ. ಅವರ ಗಂಡ, ಮೈಸೂರಿನ ಮಹಾರಾಜ ಚಾಮರಾಜ ಒಡೆಯರು 1894ರಲ್ಲೇ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಹುಡುಗ. ರಾಜ್ಯದ ಭಾರ ಹೊತ್ತಿದ್ದವರು ಈ ತಾಯಿ.

ಪ್ಲೇಗ್ ಬೆಂಗಳೂರಿಗೆ ಬಂದದ್ದು 1898ರ ಆಗಸ್ಟಿನಲ್ಲಿ. ಅಂದರೆ ಅಡಿಗಲ್ಲು ಬಿದ್ದು ವರ್ಷ ಕಳೆದ ಮೇಲೆ! ಆಸ್ಪತ್ರೆ ಶುರುವಾದದ್ದು 1900ರ ಡಿಸೆಂಬರ್ 8ಕ್ಕೆ, ವೈಸ್‌ರಾಯ್ ಲಾರ್ಡ್ ಕರ್ಜನ್ ಕೈಯಿಂದ, 140 ಹಾಸಿಗೆಗಳೊಂದಿಗೆ. ಜನ ಮನೆಮಠ ಬಿಟ್ಟು ಊರಾಚೆ ಹೋಗುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಇನ್ನೂ ಗೋಡೆ ಏಳುತ್ತಿತ್ತು. ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಇಸವಿ, 1905. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು ಆಗ. ಹಾಗಾದರೆ ಆಸ್ಪತ್ರೆ ಕಟ್ಟುವಾಗ ಫ್ಯಾನೂ ಇಲ್ಲ, ಬಲ್ಬೂ ಇಲ್ಲ, ಅಲ್ವಾ? ರೋಗಿಗೆ ಗಾಳಿ ಬೆಳಕು ಕೊಡಬೇಕಾದ್ದು ಕಟ್ಟಡವೇ. ಚಾವಣಿ ಅಷ್ಟು ಎತ್ತರ ಏಕೆ, ಕಿಟಕಿಗಳು ಅಷ್ಟು ದೊಡ್ಡದೇಕೆ ಎಂದು ಅಲ್ಲಿಯ ತನಕ ನಾನು ಕೇಳಿಕೊಂಡೇ ಇರಲಿಲ್ಲ. ಸುಮ್ನೆ "ಬ್ರಿಟಿಷರ ಕಾಲದ ಶೈಲಿ" ಎನ್ನುತ್ತಿದ್ದೆ.

ಈಗ ಗುಂಪನ್ನು ಬೇಗ ಕರೆದುಕೊಂಡು ಹೋಗುತ್ತೇನೆ, ರೋಗಿಗಳ ಕಡೆಯವರ ಓಡಾಟ ಜಾಸ್ತಿಯಾಗುವ ಮುಂಚೆ. ವಾರ್ಡಿನೊಳಗೆ ಹೋಗುವುದಿಲ್ಲ, ಕಾಯಿಲೆಯವರ ಫೋಟೋ ತೆಗೆಯಲು ಯಾರಿಗೂ ಬಿಡುವುದಿಲ್ಲ. ಹೊರಗೆ ನಿಂತು ಮೊದಲು ಇಸವಿಗಳನ್ನು ಹೇಳಿ, ಆಮೇಲೆ ಕಿಟಕಿ ನೋಡಿ ಎನ್ನುತ್ತೇನೆ.

ಕೊನೆಗೆ ವಾಣಿ ವಿಲಾಸ ಆಸ್ಪತ್ರೆ ಕಡೆ ಕೈ ತೋರಿಸುತ್ತೇನೆ. 1935ರಲ್ಲಿ ಶುರುವಾದದ್ದು. ವಾಣಿ ವಿಲಾಸ ಸನ್ನಿಧಾನ ಎಂದರೆ ಅದೇ ಕೆಂಪನಂಜಮ್ಮಣ್ಣಿ. ಇಷ್ಟು ಹೇಳುವಷ್ಟರಲ್ಲಿ ಗುಂಪಿನಲ್ಲಿ ಯಾರಾದರೂ ಒಬ್ಬರು "ನಾನು ಹುಟ್ಟಿದ್ದು ಇಲ್ಲೇ" ಎನ್ನುತ್ತಾರೆ.