ಬುಡಕಟ್ಟು ಸಮುದಾಯದ ಕಸುಬಿಗೆ ಕಾನೂನಿನ ರಕ್ಷಣೆ: ಯಾವುದು ಮೊದಲು, ಯಾವುದು ಆಮೇಲೆ

ಸಮುದಾಯದ ಉತ್ಪನ್ನವನ್ನು ಇಡಿಯಾಗಿ ಕಾಯುವ ಒಂದೇ ಹಕ್ಕು ಬಹುತೇಕ ದೇಶಗಳ ಕಾನೂನಿನಲ್ಲಿ ಇಲ್ಲ. ಪನಾಮಾ 2000ದಲ್ಲಿ ಮೂಲನಿವಾಸಿಗಳ ಸಾಮೂಹಿಕ ಹಕ್ಕಿಗೆಂದೇ ಕಾನೂನು ಮಾಡಿತು, ಅಂಥ ದೇಶಗಳು ಬೆರಳೆಣಿಕೆಯಷ್ಟು. ಉಳಿದೆಡೆ ಉತ್ಪನ್ನವನ್ನು ಬಿಡಿಸಿ ನೋಡಬೇಕು: ಹೆಸರು, ವಿನ್ಯಾಸ, ಮಾಡುವ ವಿದ್ಯೆ. ನಕಲು ಮಾಡುವವರು ಈ ಮೂರರಲ್ಲಿ ಯಾವುದಕ್ಕೆ ಕೈ ಹಾಕಿದ್ದಾರೆ ಎಂದು ಮೊದಲು ಪಟ್ಟಿ ಮಾಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹೆಸರಿನಿಂದ ಶುರು ಮಾಡಿ, ಕಾನೂನು ಗಟ್ಟಿಯಾಗಿ ಕಾಯುವುದು ಅದನ್ನೇ.

ಅದಕ್ಕೂ ಮುಂಚೆ ವಿದ್ಯೆಯ ವಿಷಯ ತೀರ್ಮಾನವಾಗಬೇಕು. ಸಂಶೋಧಕರಿಗೆ ಹೇಳಿದ್ದು, ವಿಡಿಯೋದಲ್ಲಿ ತೋರಿಸಿದ್ದು ಮತ್ತೆ ಗುಟ್ಟಾಗುವುದಿಲ್ಲ. ಕೆಲವೇ ಮನೆತನಗಳಿಗೆ ಗೊತ್ತಿರುವ ಬಣ್ಣದ ಪಾಕ ಅಥವಾ ಔಷಧಿಯಾದರೆ ದಾಖಲೆಯನ್ನು ಸಮುದಾಯದ ಒಳಗೇ ಇಡಿ. ಯಾರು ನೋಡಬಹುದು ಎಂದು ಅದರ ಮೇಲೇ ಬರೆಯಿರಿ, ಹೊರಗಿನವರಿಂದ ಗೌಪ್ಯತಾ ಒಪ್ಪಂದಕ್ಕೆ ಮೊದಲು ಸಹಿ ಹಾಕಿಸಿ, ಆಮೇಲೆ ಮಾತಾಡಿ. ಎಲ್ಲರಿಗೂ ಗೊತ್ತಿರುವ ವಿದ್ಯೆಯಾದರೆ ಇದಕ್ಕೆ ವಿರುದ್ಧ ದಾರಿ: ಬೇರೆಯವರು ಅದನ್ನು ಹೊಸದೆಂದು ಹೇಳಿ ಪೇಟೆಂಟ್ ಪಡೆಯದಂತೆ, ಪೇಟೆಂಟ್ ಪರಿಶೀಲಕರ ಕಣ್ಣಿಗೆ ಬೀಳುವಂತೆ ಬರೆದು ಪ್ರಕಟಿಸಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕ 1995ರಲ್ಲಿ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾಗಿದ್ದು, ಆ ಬಳಕೆ ಹಳೆಯದೆಂದು ತೋರಿಸುವ ಲಿಖಿತ ದಾಖಲೆಗಳಿಂದ. ಬಾಯಿಮಾತಿನ ಪರಂಪರೆಯನ್ನಷ್ಟೇ ನೆಚ್ಚಿಕೊಂಡಿದ್ದರೆ ಆ ವಾದ ನಿಲ್ಲುವುದು ಕಷ್ಟವಿತ್ತು. ಪೂಜೆ, ದೀಕ್ಷೆಗೆ ಸೇರಿದ್ದನ್ನು ಎರಡೂ ದಾರಿಗೆ ತರಬೇಡಿ.

ಇನ್ನು ಅರ್ಜಿ ಯಾರ ಹೆಸರಲ್ಲಿ? ವ್ಯಕ್ತಿಯ ಹೆಸರಲ್ಲಂತೂ ಬೇಡ, ವ್ಯಾಪಾರಿಯ ಹೆಸರಲ್ಲಿ ಸುತರಾಂ ಬೇಡ. ನೋಂದಾಯಿತ ಸಂಘವೋ ಸಹಕಾರಿಯೋ ಟ್ರಸ್ಟೋ ಇರಲಿ. ಸದಸ್ಯರು ಯಾರಾಗಬಹುದು, ಬಂದ ಹಣ ಹೇಗೆ ಹಂಚಿಕೆ ಎಂಬುದು ಬೈಲಾದಲ್ಲಿ ಸ್ಪಷ್ಟವಾಗಿರಲಿ. ಒಪ್ಪಿಗೆ ಕೊಟ್ಟ ಸಭೆಯ ನಡಾವಳಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಅದೇ ಕಸುಬು ಪಕ್ಕದ ಊರಿನಲ್ಲೋ ಗಡಿಯಾಚೆಯೋ ಇದ್ದರೆ ಅವರನ್ನೂ ಕರೆಯಿರಿ. ಬಿಟ್ಟರೆ ಆಕ್ಷೇಪಣೆಯ ಅವಧಿಯಲ್ಲಿ ಅವರೇ ಎದುರಾಳಿಗಳಾಗುತ್ತಾರೆ.

ಹೆಸರಿಗೆ ಮೂರು ದಾರಿಗಳಿವೆ. ಸಾಮೂಹಿಕ ಟ್ರೇಡ್‌ಮಾರ್ಕ್ ಸಂಘದ್ದು, ಸದಸ್ಯರು ಬಳಸುತ್ತಾರೆ. ಪ್ರಮಾಣೀಕರಣ ಗುರುತನ್ನು ಷರತ್ತು ಪೂರೈಸಿದ ಯಾರೂ ಹಾಕಿಕೊಳ್ಳಬಹುದು, ಆದರೆ ಅನೇಕ ದೇಶಗಳಲ್ಲಿ ಅದರ ಮಾಲೀಕರು ತಾವೇ ಆ ಸರಕು ಮಾರುವಂತಿಲ್ಲ. ಮಾರಾಟ ಮಾಡುವ ಸಂಘಗಳು ಇಲ್ಲೇ ಎಡವುವುದು. ಭೌಗೋಳಿಕ ಸೂಚಕ, ಅಂದರೆ ಜಿಐ ಬೇಕಿದ್ದರೆ ಸರಕಿನ ಗುಣವೋ ಹೆಸರುವಾಸಿಯೋ ಆ ನೆಲದಿಂದಲೇ ಬಂದದ್ದೆಂದು ತೋರಿಸಬೇಕು. ಒಕ್ಕಲೆದ್ದು ಚದುರಿಹೋದ ಸಮುದಾಯಕ್ಕೆ ಇದು ಹೊಂದುವುದು ಕಷ್ಟ. ಇನ್ನೊಂದು ಮಾತು: ಜಿಐ ಕಾಯುವುದು ಹೆಸರನ್ನು ಮಾತ್ರ. ಅದೇ ಶಾಲನ್ನು ಬೇರೆ ಹೆಸರಿನಲ್ಲಿ ನೇಯ್ದು ಮಾರಿದರೆ ಅದಕ್ಕೆ ಜಿಐ ಅಡ್ಡ ಬರುವುದಿಲ್ಲ.

ಜಿಐ ಆಗಲಿ ಗುರುತಾಗಲಿ, ಜೀವಾಳ ಇರುವುದು ಬಳಕೆಯ ನಿಯಮಾವಳಿಯಲ್ಲಿ. ಕಚ್ಚಾವಸ್ತು, ಅಳತೆ, ಕೈಯಿಂದಲೇ ಆಗಬೇಕಾದ ಹಂತಗಳು, ಪ್ರದೇಶದ ಗಡಿ, ತಪಾಸಣೆ ಮಾಡುವವರು, ತಪ್ಪಿದರೆ ದಂಡ, ಎಲ್ಲವೂ ಅದರಲ್ಲಿ ಇರಬೇಕು. ಹತ್ತು ಜನ ಬೇರೆ ಬೇರೆ ಕುಶಲಕರ್ಮಿಗಳ ಕೆಲಸ ತಂದು ಅಳೆದು ಕನಿಷ್ಠ, ಗರಿಷ್ಠ ಬರೆಯಿರಿ. ಒಂದೇ ಅಂಕಿ ಬರೆದರೆ ಮರುವರ್ಷ ನಿಮ್ಮ ಸದಸ್ಯರೇ ನಿಯಮ ಮುರಿದವರಾಗುತ್ತಾರೆ. ತೀರಾ ಸಡಿಲ ಬಿಟ್ಟರೆ ಯಂತ್ರದ ಮಾಲಿಗೂ ನಿಮ್ಮದೇ ಚೀಟಿ. ಅಂಗಡಿಯ ಬಣ್ಣ ಬಳಸುತ್ತಿದ್ದೀರಾದರೆ ಹಾಗೇ ಬರೆಯಿರಿ, ಅಜ್ಜಿಯ ಕಾಲದ ಬಣ್ಣ ಎಂದು ಬರೆದು ಸಿಕ್ಕಿಬೀಳಬೇಡಿ.

ಹಳೆಯ ಚಿತ್ತಾರಕ್ಕೆ ಡಿಸೈನ್ ನೋಂದಣಿ ಸಿಗುವುದಿಲ್ಲ, ಅದಕ್ಕೆ ಹೊಸತನ ಬೇಕು. ಹೊಸದಾಗಿ ಹೊಂದಿಸಿದ ವಿನ್ಯಾಸವಿದ್ದರೆ ಪ್ರದರ್ಶನಕ್ಕಿಡುವ ಮುಂಚೆಯೇ ಅರ್ಜಿ ಹಾಕಿ. ಒಬ್ಬ ಕಲಾವಿದರು ಬರೆದ ಚಿತ್ರಕ್ಕೆ ಹಕ್ಕುಸ್ವಾಮ್ಯ ಉಂಟು. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ವಿಯೆಟ್ನಾಮಿನಲ್ಲಿ ಜಮಖಾನೆಗೆ ಇಳಿಸಿದವರ ವಿರುದ್ಧ 1994ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ ಪರಿಹಾರ ಕೊಡಿಸಿದ್ದು ಹಾಗೆಯೇ. ಬರೆದವರ ಹೆಸರು, ತಾರೀಖು, ಫೋಟೋ ಜೋಪಾನ ಮಾಡಿ.

ಹೊರದೇಶದಲ್ಲಿ ಮಾರುವುದಿದ್ದರೆ ಮೊದಲ ಟ್ರೇಡ್‌ಮಾರ್ಕ್ ಅರ್ಜಿಯಿಂದ 6 ತಿಂಗಳೊಳಗೆ ಅಲ್ಲಿ ಹಾಕಿದರೆ ಹಳೆಯ ತಾರೀಖೇ ಲೆಕ್ಕಕ್ಕೆ ಬರುತ್ತದೆ. ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ನೋಂದಣಿ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಹೋದರೆ, ಮೊದಲ 5 ವರ್ಷದೊಳಗೆ ಸ್ವದೇಶದ ಮೂಲ ನೋಂದಣಿ ಬಿದ್ದುಹೋದರೆ ಉಳಿದವೂ ಬೀಳುತ್ತವೆ. ಸ್ವದೇಶದಲ್ಲಿ ರಕ್ಷಣೆಯಿಲ್ಲದ ಭೌಗೋಳಿಕ ಸೂಚಕವನ್ನು ಕಾಯುವ ಹೊಣೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್ ಅಡಿ ಬೇರೆ ದೇಶಕ್ಕಿಲ್ಲ.

ನೋಂದಣಿ ಪತ್ರ ಗೋಡೆಗೆ ತೂಗುಹಾಕಿ ಕೂತರೆ ಪ್ರಯೋಜನವಿಲ್ಲ. ಅಮೆರಿಕದ ನವಾಹೊ ಜನಾಂಗ 2012ರಲ್ಲಿ ದೊಡ್ಡ ಬಟ್ಟೆ ಕಂಪನಿಯೊಂದರ ಮೇಲೆ ದಾವೆ ಹೂಡಿ 2016ರಲ್ಲಿ ರಾಜಿಗೆ ಬರುವಂತೆ ಮಾಡಿತು. ಆ ದಾವೆಗೆ ಬಲ ತಂದದ್ದು ಕೈಯಲ್ಲಿದ್ದ ಟ್ರೇಡ್‌ಮಾರ್ಕ್. ನಕಲು ಕಂಡಾಗ ಮೊದಲು ಒಂದು ನಗ ಕೊಂಡು ಬಿಲ್ ಇಟ್ಟುಕೊಳ್ಳಿ. ಆನ್‌ಲೈನ್ ಪುಟವನ್ನು ತಾರೀಖು ಕಾಣುವಂತೆ ಉಳಿಸಿಕೊಳ್ಳಿ. ನೋಂದಣಿ ಸಂಖ್ಯೆ ಹಾಕಿ ಆ ಜಾಲತಾಣಕ್ಕೆ ದೂರು ಕೊಡಿ, ಮಾರಾಟಗಾರರಿಗೆ ಲಿಖಿತ ನೋಟಿಸ್ ಕಳಿಸಿ. ವಕೀಲರ ಖರ್ಚು ಅದಾದ ಮೇಲಿನ ಮಾತು.