ಫ್ಲೈಓವರ್ ಹತ್ತುವಾಗ ಪಿಕಪ್ ಹೋಯ್ತಾ? ಮೊದಲು ಆರ್‌ಪಿಎಂ ಮುಳ್ಳು ನೋಡಿ

ಗ್ಯಾರೇಜಿನವರ ಕಿವಿಗೆ ದಿನಾ ಬೀಳುವ ದೂರು: ‘ಗಾಡಿ ಪಿಕಪ್ ಇಲ್ಲ’. ಇಷ್ಟೇ ಹೇಳಿ ಕೀ ಕೊಟ್ಟು ಬಂದರೆ ಊಹೆಯ ಮೇಲೆ ರಿಪೇರಿ ಶುರುವಾಗುತ್ತದೆ. ಮೊದಲು ಪ್ಲಗ್, ಆಮೇಲೆ ಪಂಪ್, ಅದಾದ ಮೇಲೆ ಇಂಜೆಕ್ಟರ್ ಕ್ಲೀನಿಂಗ್. ಬಿಲ್ ಬೆಳೆಯುತ್ತದೆ, ಗಾಡಿ ಮಾತ್ರ ಹೆಬ್ಬಾಳ ಫ್ಲೈಓವರ್ ಮೇಲೆ ಮತ್ತೆ ಮುಗ್ಗರಿಸುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯನ್ನು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ರಸ್ತೆಯಲ್ಲೇ ಸತ್ತರೆ

ಓಡುತ್ತಿರುವಾಗ ಎಂಜಿನ್ ಪೂರ್ತಿ ನಿಂತರೆ ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ಸರಿಯಿರಿ. ಸ್ಟೀರಿಂಗ್ ಬಿಗಿಯಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಒಂದೆರಡು ಸಲ ಮಾಮೂಲಿನಂತೆ ಹಿಡಿಯುತ್ತದೆ, ಆಮೇಲೆ ಕಲ್ಲಿನಂತಾಗುತ್ತದೆ. ಹಾಗಾಗಿ ಪದೇಪದೇ ಒತ್ತಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ನಿಲ್ಲುವ ತನಕ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಅಂಡರ್‌ಪಾಸ್ ನೀರಿನಲ್ಲಿ ನಿಂತಿದ್ದರಂತೂ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ಸಿಲಿಂಡರ್ ಒಳಗೆ ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿ ಬಿಟ್ಟು ಹೊರಗೆ ಬನ್ನಿ.

ಮುಳ್ಳು ಏನು ಹೇಳುತ್ತದೆ?

ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅನ್ನುವ ಲೆಕ್ಕ) ಸರ್ರನೆ ಏರಿ, ಸ್ಪೀಡ್ ಏರದಿದ್ದರೆ ಎಂಜಿನ್ ಸರಿಯಾಗಿಯೇ ಇದೆ. ಕ್ಲಚ್ ಜಾರುತ್ತಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ಚಿನಲ್ಲೇ ತೆವಳುವ ಊರಲ್ಲಿ ಇದೇನು ಆಶ್ಚರ್ಯವಲ್ಲ. ಖಾತ್ರಿ ಬೇಕಾದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ಸ್ಪೀಡಿಗೆ ತಂದು ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಒಂಟಿಯಾಗಿ ಹಾರಿದರೆ ಕ್ಲಚ್ ಪ್ಲೇಟ್ ಕಥೆ ಮುಗಿದಿದೆ.

ಆರ್‌ಪಿಎಂ ಕೂಡ ಏರುತ್ತಿಲ್ಲ ಅಂದರೆ ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಅದೂ ಇಲ್ಲದಿದ್ದರೆ ತೊಂದರೆ ಎಂಜಿನ್ನಿನದೇ. (ಪುಟ್ಟ ಕಾರಿನಲ್ಲಿ ಐದು ಜನ ಕೂತು, ಏಸಿ ಹಾಕಿಕೊಂಡು ನಂದಿಬೆಟ್ಟ ಹತ್ತಿಸಿ ಪಿಕಪ್ ಇಲ್ಲ ಅನ್ನುವುದು ದೂರಲ್ಲ, ಬಿಡಿ.)

ಕೋಡ್ ಓದಿಸಿ, ಆದರೆ ಪೂರ್ತಿ ನಂಬಬೇಡಿ

ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತದೆ. ಅದನ್ನು ಓದಲು ಸ್ಟೀರಿಂಗ್ ಕೆಳಗೆ ಓಬಿಡಿ ಸಾಕೆಟ್ ಇರುತ್ತದೆ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಮೊಬೈಲಿನಲ್ಲೇ ಕೋಡ್ ಓದಬಹುದು. ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆಗೆ ಹೋಗಬಹುದು. ಮಿಣಮಿಣ ಅನ್ನುತ್ತಿದ್ದರೆ ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಿಗೆ ಹೋಗಿ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಿಲ್ಲಿಸಿಬಿಡಿ.

ಕೋಡ್ ದಾರಿ ತೋರಿಸುತ್ತದೆ ಅಷ್ಟೇ, ಕೆಟ್ಟ ಪಾರ್ಟ್ ಹೆಸರು ಹೇಳುವುದಿಲ್ಲ. ಪಿ0301 ಬಂತು ಅನ್ನಿ. ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರ್ರೋ? ಪ್ರತಿ ಪ್ಲಗ್ಗಿಗೂ ಕಿಡಿಯ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಇರುವ ಕಾರಾದರೆ ಕಾಸು ಖರ್ಚಿಲ್ಲದೆ ಕಂಡುಹಿಡಿಯಬಹುದು. ಎಂಜಿನ್ ತಣ್ಣಗಾದ ಮೇಲೆ ಒಂದನೇ ಮತ್ತು ಎರಡನೇ ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ. ಕೋಡ್ ಅಳಿಸಿ ಒಂದು ರೌಂಡ್ ಹೊಡೆಯಿರಿ. ಈಗ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಕೂತಿದ್ದರೆ ಪ್ಲಗ್ ಬಿಚ್ಚಿ ಹಾಗೇ ಅದಲುಬದಲು ಮಾಡಿ. ಬಿಚ್ಚಿದಾಗ ತುದಿ ನೋಡಿ: ತಿಳಿ ಕಂದು ಇದ್ದರೆ ಚೆನ್ನಾಗಿದೆ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಆಗುತ್ತಿದೆ, ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ ಅಥವಾ ಎಂಜಿನ್ ಹೆಚ್ಚು ಕಾಯುತ್ತಿದೆ. ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಥ್ರೆಡ್ ಹಾಳಾದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಬಾನೆಟ್ ಎತ್ತಿ ಬುಸ್ ಅನ್ನುವ ಸದ್ದಿಗೆ ಕಿವಿಗೊಡಿ, ರಬ್ಬರ್ ಪೈಪ್ ಎಲ್ಲಾದರೂ ಸೀಳಿರಬಹುದು. ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವ ಗಾಡಿಯಾದರೆ ಮೊದಲ ಅನುಮಾನ ಇಲಿಯ ಮೇಲೆ. ಪೈಪು, ವೈರು ಎರಡನ್ನೂ ಕಡಿಯುತ್ತದೆ. ಏರ್ ಫಿಲ್ಟರ್ ಬಾಕ್ಸ್ ಕೂಡ ತೆಗೆದು ನೋಡಿ. ಮೆಟ್ರೊ ಕಾಮಗಾರಿಯ ಧೂಳಿನಲ್ಲಿ ದಿನಾ ಓಡುವ ಗಾಡಿಗೆ ಮ್ಯಾನ್ಯುಯಲ್ ಹೇಳಿದಷ್ಟು ಕಿಲೋಮೀಟರ್ ಕಾಯಬಾರದು.

ಪೆಟ್ರೋಲ್ ಸಾಲುತ್ತಿದೆಯಾ?

ಟ್ರಾಫಿಕ್‌ನಲ್ಲಿ ಸರಿಯಾಗಿದ್ದು, ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯಲ್ಲಿ ಸ್ಪೀಡ್ ಹಿಡಿದಾಗ ಉಸಿರು ಕಟ್ಟಿದರೆ ಪಂಪ್ ಅಥವಾ ಫಿಲ್ಟರ್ ಮೇಲೆ ಕಣ್ಣಿಡಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಸಣ್ಣಗೆ ‘ಗುಂಯ್’ ಅನ್ನಬೇಕು. ಸದ್ದು ಬಂದ ಮಾತ್ರಕ್ಕೆ ಪಂಪ್ ಗಟ್ಟಿಯಾಗಿದೆ ಅಂತಲ್ಲ, ಪ್ರೆಷರ್ ಗೇಜ್ ಹಾಕಿಸಿ. ಗೇಜ್ ಹಾಕದೆ ‘ಪಂಪ್ ಹೋಗಿದೆ ಸಾರ್’ ಅಂದರೆ ನಾನಂತೂ ಒಪ್ಪುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರ ಜೊತೆ ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದೂ ತಳದಿಂದಲೇ. ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೇ ತೊಂದರೆ ಶುರುವಾಗಿದ್ದರೆ ಬಿಲ್ ಎಸೆಯಬೇಡಿ.

ಬಿಸಿಯಾದಾಗ ತಟ್ಟನೆ ಆಫ್ ಆಗಿ, ಅರ್ಧ ಗಂಟೆ ಬಿಟ್ಟು ಏನೂ ಆಗದವರಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್) ಪರೀಕ್ಷಿಸಿ. ಗಾಡಿ ಗೇರಿನಲ್ಲೇ ಉರುಳುತ್ತಿದ್ದರೂ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಅನುಮಾನ ಇನ್ನೂ ಗಟ್ಟಿ.

ಡೀಸೆಲ್ ಗಾಡಿಯಲ್ಲಿ ಕಪ್ಪು ಹೊಗೆ, ಪಿ0299 (ಟರ್ಬೊ ಒತ್ತಡ ಕಮ್ಮಿ ಅನ್ನುವ ಕೋಡ್) ಎರಡೂ ಇದ್ದರೆ ಟರ್ಬೊ ಪೈಪ್ ಬಿರುಕು ಹುಡುಕಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಕಟ್ಟಿಕೊಳ್ಳುವುದೇ ದೊಡ್ಡ ಗೋಳು. ಎರಡು ಕಿಲೋಮೀಟರ್ ಆಫೀಸ್ ಓಡಾಟದಲ್ಲಿ ಆ ಮಸಿ ಸುಡುವಷ್ಟು ಕಾವು ಬರುವುದೇ ಇಲ್ಲ. ಅದರ ಲೈಟ್ ಬಂದ ಕೂಡಲೇ ನೈಸ್ ರಸ್ತೆಗೆ ಹೋಗಿ 60ರ ಮೇಲೆ ಒಂದು 20 ನಿಮಿಷ ಎಡೆಬಿಡದೆ ಓಡಿಸಿ.

ಪಾರ್ಟ್ ಕೊಳ್ಳಲು ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯದನ್ನು ಜೊತೆಗೆ ಒಯ್ಯಿರಿ, ಮೇಲಿನ ಪಾರ್ಟ್ ನಂಬರ್ ಹೊಂದಿಸಿ ನೋಡಿ. ಒಂದೇ ಮಾಡೆಲ್ಲಿನ ಕಾರಿಗೂ ವರ್ಷಕ್ಕೊಂದು ಥರದ ಸೆನ್ಸರ್ ಇರುತ್ತದೆ. ಎಲೆಕ್ಟ್ರಿಕಲ್ ಐಟಂ ವಾಪಸ್ ತೆಗೆದುಕೊಳ್ಳುವ ಅಂಗಡಿ ಸಿಗುವುದು ಕಷ್ಟ.